ಕಾಲಬುಡದ ಚಿಕ್ಕಿ

ಜೋಳದ ಕಣಿಕೆಯ, ಒಣದಂಟಿನ, ಬಣವೆ ಸುಟ್ಟ ವಾಸನೆ ಇನ್ನೂ ಮೂಗಿನಲ್ಲೇ ಇತ್ತು, ಆಗಲೇ ಗೌಡರ ವಾಡೆಯಿಂದ ಕರೆ ಬಂತು.

ಧೂಳಪ್ಪ ಕಂಬಳಿ ಹೆಗಲಿಗೇರಿಸಿ, ಕೋಲು ಹಿಡಿದು, ಎಣಿಸಿಟ್ಟುಕೊಂಡ ಹೆಜ್ಜೆಗಳಲ್ಲಿ ಹೊರಟ. ಗುಡಿಸಲಿನಿಂದ ಹಳ್ಳಕ್ಕೆ ನೂರಾ ಎಂಬತ್ತು. ಹಳ್ಳದ ದಂಡೆಯ ಜಾಲಿಗಿಡದಿಂದ ಊರ ಅಗಸಿ ಬಾಗಿಲಿಗೆ ನಾನೂರಾ ಹತ್ತು. ಅಗಸಿಯಿಂದ ವಾಡೆಗೆ ಅರವತ್ತಾರು, ಆಮೇಲೆ ಏಳು ಮೆಟ್ಟಿಲು. ಐದು ವರ್ಷದಿಂದ ಅವನ ಕಣ್ಣೆಂದರೆ ಈ ಎಣಿಕೆಯೇ. ಹಗಲಲ್ಲಿ ಹಾಲು ಕದಡಿದ ನೀರಿನಂಥ ಬೆಳಕು, ಅದರೊಳಗೆ ಅತ್ತಿತ್ತ ಸರಿಯುವ ಕಪ್ಪು ನೆರಳುಗಳು. ಹೊತ್ತು ಮುಳುಗಿದರೆ ಅದೂ ಇಲ್ಲ. ಅಂಥವನು ಮಲಕಾಜಪ್ಪಗೌಡನ ಅರವತ್ತು ಎಕರೆಗೆ ರಾತ್ರಿಯ ಕಾವಲುಗಾರ.

ಈ ಗುಟ್ಟು ಗೊತ್ತಿದ್ದವರು ಇಬ್ಬರೇ ಎಂದು ಧೂಳಪ್ಪ ನಂಬಿದ್ದ. ಒಬ್ಬಳು ಹೆಂಡತಿ ಶೆಟ್ಟೆವ್ವ. ಇನ್ನೊಬ್ಬ ಚಾಂದಸಾಬ, ಹಳ್ಳದಾಚೆಯ ಗೌಡನ ಎಂಟೆಕರೆಯನ್ನು ಇಪ್ಪತ್ತೆರಡು ವರ್ಷದಿಂದ ಪಾಲಿಗೆ ಮಾಡುತ್ತಿದ್ದವನು, ಕೂಡಿ ಆಡಿ ಬೆಳೆದ ಗೆಳೆಯ. ತನ್ನ ಹೊಲದ ಹೊರಸಿನ ಮೇಲೆ ಮಲಗಿಕೊಂಡೇ ಅವನು ಕೂಗುತ್ತಿದ್ದ: "ಧೂಳ್ಯಾ, ಬಡಗಣ ಮೂಲ್ಯಾಗ ಎಮ್ಮಿ ಬಿದ್ದಾವ ನೋಡೋ!" ಧೂಳಪ್ಪ ಆ ಕಡೆ ಕಲ್ಲು ಬೀಸುತ್ತಿದ್ದ. ಕಲ್ಲು ಎಮ್ಮೆಗೆ ಬಿತ್ತೋ ಬದುವಿಗೆ ಬಿತ್ತೋ ಕತ್ತಲಲ್ಲಿ ಕೇಳುವವರಾರು? ಐದು ವರ್ಷ ಚಾಂದಸಾಬ ತನ್ನ ಹೊಲವನ್ನೂ ಕಾದ, ಧೂಳಪ್ಪನ ಅನ್ನವನ್ನೂ ಕಾದ.

ವಾಡೆಯ ಕಟ್ಟೆಯಲ್ಲಿ ಅಡಕೊತ್ತಿನ ಕಟಕಟ ಕೇಳಿಸಿತು. ಗೌಡ ಅಲ್ಲೇ ಕೂತಿದ್ದ.

"ಬಾ ಧೂಳ್ಯಾ. ನಿನ್ನ ಕಾವಲಾಗ ನನ್ನ ಕಣಿಕಿ ಬಣವಿ ಸುಟ್ಟು ಬೂದಿ ಆತು. ಏನ ನೋಡಿದಿ?"

"ನಸಕಿನ್ಯಾಗ ಉರಿ ಎದ್ದಿದ್ದು ಗೊತ್ತಾತ್ರಿ ಗೌಡ್ರ. ಬೊಬ್ಬಿ ಹೊಡದ್ನಿ. ಹಚ್ಚಿದಾವ್ರನ್ನ ನೋಡ್ಲಿಲ್ಲರಿ."

"ನೋಡೀದಿ. ಮರತಿದ್ದಿ ಅಷ್ಟ." ಅಡಿಕೆ ಹೋಳಾಯಿತು. "ಚಾಂದ್ಯಾ ಕೈಯಾಗ ಕೊಳ್ಳಿ ಹಿಡಕೊಂಡು ಹಳ್ಳ ದಾಟಿ ಓಡಿದಾ. ನೀ ಕಣ್ಣಾರೆ ನೋಡೀದಿ. ಇವತ್ತ ಸಂಜೀಕ ಪೊಲೀಸ ಫೌಜದಾರ್ರು ಚಾವಡಿಗೆ ಬರ್ತಾರ. ಅವ್ರ ಮುಂದ ಇಷ್ಟ ಹೇಳಬೇಕು."

ಧೂಳಪ್ಪನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬರುವ ಸೋಮವಾರ ತಾಲೂಕು ಊರು ಇಂಡಿಯಲ್ಲಿ ಭೂ ಟ್ರಿಬ್ಯೂನಲ್ ಮುಂದೆ ಚಾಂದಸಾಬನ ಕೇಸು ನಿಂತಿತ್ತು. ಉಳುವವನಿಗೇ ಹೊಲ ಎಂಬ ಕಾಯ್ದೆ ಬೆಂಗಳೂರಿನಲ್ಲಿ ಹುಟ್ಟಿ ಎರಡು ವರ್ಷವಾಗಿತ್ತು. ಇಂಡಿಯ ತನಕ ಅದು ಬಸ್ಸಿನಲ್ಲಿ ಬಂದಿತ್ತು. ಇಂಡಿಯಿಂದ ತಾಂಬಾದ ಮೇಲೆ ಹಾದು ಈ ಹಳ್ಳಿಗೆ ಕಾಲ್ನಡಿಗೆಯಲ್ಲೇ ಬರಬೇಕು, ದಾರಿಗಡ್ಡ ಗೌಡನ ವಾಡೆ ಕೂತಿತ್ತು. ಆದರೂ ಚಾಂದಸಾಬ ಹೋಗಿ ಅರ್ಜಿ ಕೊಟ್ಟು ಬಂದಿದ್ದ. ಟ್ರಿಬ್ಯೂನಲ್ಲಿನಲ್ಲಿ ವಕೀಲರಿಗೆ ಜಾಗವಿಲ್ಲ, ಅರ್ಜಿದಾರನೇ ನಿಂತು ಬಾಯಿ ಬಿಡಬೇಕು. ಸೋಮವಾರ ಅವನು ಲಾಕಪ್ಪಿನಲ್ಲಿದ್ದರೆ? ಹೆಸರು ಮೂರು ಸಲ ಕೂಗಿ, ಹಾಜರಿಲ್ಲ ಎಂದು ಬರೆದು, ಕಾಗದ ಮಡಚಿಬಿಡುತ್ತಾರೆ. ಎಂಟೆಕರೆ ಹೋಯಿತು. ಎಮರ್ಜೆನ್ಸಿ ಬೇರೆ. ಒಳಗೆ ಹಾಕಿದವರನ್ನು ಯಾವಾಗ ಬಿಡುತ್ತೀರಿ ಎಂದು ಕೇಳುವ ಬಾಯಿಗಳನ್ನೂ ಒಳಗೇ ಹಾಕಿದ್ದರು.

"ಗೌಡ್ರ, ಇದೊಂದು ನನ್ನ ಕಡಿಂದ..."

"ಆಗೂದಿಲ್ಲೇನು?" ಗೌಡನ ದನಿ ಏರಲಿಲ್ಲ, ಬದಲಿಗೆ ಸಣ್ಣಗೆ ನಕ್ಕಂತಾಯಿತು. "ಧೂಳ್ಯಾ, ಈ ಯುಗಾದಿಗೆ ಮಾಳಿಗಿ ಮ್ಯಾಲ ನಾ ಕೋಲು ಎತ್ತಿ ಎಲ್ಲಿ ತೋರ್ಸಿದ್ನಿ?"

ಧೂಳಪ್ಪ ಕೋಲನ್ನು ನೆಲಕ್ಕೆ ಊರಿಕೊಂಡ.

ಯುಗಾದಿಯ ಆ ಪರೀಕ್ಷೆ ವಾಡೆಯಲ್ಲಿ ಗೌಡನ ಮುತ್ಯಾನ ಕಾಲದಿಂದ ನಡೆದು ಬಂದದ್ದು. ವರ್ಷದ ಆಳುಗಳನ್ನು ಗೊತ್ತು ಮಾಡುವ ದಿನ ಅದು. ಬೇವು ಕುಡಿದ ಸಂಜೆ ಕಾವಲಿನವರನ್ನೆಲ್ಲ ಮಾಳಿಗೆ ಹತ್ತಿಸಿ, ಬಡಗು ಮೂಡಲ ಆಕಾಶದಲ್ಲಿ ಏರುತ್ತಿರುವ ಏಳು ಚಿಕ್ಕಿಗಳ ಗುಂಪಿನಲ್ಲಿ ಬಾಲದ ನಡುವಿನ ಚಿಕ್ಕಿಗೆ ಗೌಡ ಕೋಲು ತೋರಿಸಬೇಕು, ಎಷ್ಟು ಕಾಣತಾವ ಎಂದು ಕೇಳಬೇಕು. ಮಂದಗಣ್ಣಿನವನಿಗೆ ಅಲ್ಲಿ ಒಂದೇ ಚಿಕ್ಕಿ. ಕಣ್ಣು ಚುರುಕಿದ್ದವನಿಗೆ ಎರಡು, ದೊಡ್ಡದೊಂದು, ಅದಕ್ಕೆ ಅಂಟಿಕೊಂಡ ಸಾಸಿವೆಯಂಥದೊಂದು. ಎರಡು ಎಂದವನಿಗೆ ಕಾವಲು, ಒಂದು ಎಂದವನಿಗೆ ಸೆಗಣಿ ಬುಟ್ಟಿ. ಧೂಳಪ್ಪ ಹದಿನೈದು ಯುಗಾದಿ ಎರಡನ್ನು ನೋಡಿ ಎರಡು ಎಂದಿದ್ದ, ಐದು ಯುಗಾದಿ ಏನನ್ನೂ ನೋಡದೆ ಎರಡು ಎಂದಿದ್ದ.

"ಬಡಗ ಮೂಡಲಕ್ರಿ... ಚಿಕ್ಕಿಗೆ ತೋರ್ಸಿದ್ರಿ."

"ಬೇವಿನ ಗಿಡಕ್ಕ ತೋರ್ಸಿದ್ನಿ! ನೀ ಗಿಡದಾಗೂ ಎರಡು ಚಿಕ್ಕಿ ಎಣಿಸಿದಿ. ಹ್ವಾದ ವರ್ಷ ಗುಡಿ ಗ್ವಾಡಿಗೆ ತೋರ್ಸಿದ್ನಿ, ಅಲ್ಲೂ ಎರಡ ಇದ್ದು!"

ಗೌಡನ ಬಲಗೈ ಭಂಟ ಅಮೋಘಸಿದ್ಧ ಪಕ್ಕದಲ್ಲಿ ಹೋ ಎಂದು ನಕ್ಕ. ನಗುತ್ತ ಕಾಲು ಬದಲಿಸಿದ. ಆ ಕಾಲಿನಿಂದ ಒಂದು ಸಪ್ಪಳ ಎದ್ದಿತು: ಕಿರ್ರ್, ಕಿರ್ರ್. ಯುಗಾದಿಗೆಂದು ಸಿಂದಗಿಯಿಂದ ತಂದ ಹೊಸ ಕೆರವು.

ಧೂಳಪ್ಪ ಆ ಕಡೆ ಕಿವಿ ತಿರುಗಿಸಿದ. ನಸುಕಿನಲ್ಲಿ ಚಿಮಣಿ ಎಣ್ಣೆಯ ವಾಸನೆಗೆ ಎಚ್ಚರವಾಗಿ ಕಿವಿಗೊಟ್ಟಾಗ ಬಣವೆಯ ಹಿಂದೆ ಕೇಳಿಸಿದ್ದು ಇದೇ. ಕಿರ್ರ್, ಕಿರ್ರ್. ಆಮೇಲೆ ಬೆಂಕಿ.

"ಗೊತ್ತಿದ್ದೂ ನನ್ನ ಯಾಕ ಇಟಗೊಂಡ್ರಿ ಗೌಡ್ರ?" ಅವನ ಬಾಯಿಂದ ತಂತಾನೇ ಬಂತು.

"ಕಣ್ಣಿದ್ದಾಂವ ತನಗ ಕಂಡದ್ದು ಹೇಳ್ತಾನ. ನಿನಗ ನಾ ಹೇಳಿದ್ದ ಕಾಣತೈತಿ. ಇಂಥಾ ಕಾವಲುಗಾರ ಇಂಡಿ ಬಿಡು, ಬಾಗೇವಾಡಿ ತನಕ ಹುಡಕಿದ್ರ ಸಿಗತಾನೇನು?" ಗೌಡ ಎಲೆ ಬಾಯಿಗಿಟ್ಟುಕೊಂಡ. "ಸಂಜೀಕ ಬಾ. ಇಲ್ಲಾಂದ್ರ ಗುಡಸಲಾ ಕಿತ್ತು ನಡಿ. ಕುರುಡಗ ಯಾವ ಊರಾಗ ಕಾವಲು ಕೊಡ್ತಾರ, ಕೇಳ್ಕೊಂತ ಹೋಗು."

ಗುಡಿಸಲಿಗೆ ಮರಳುವಾಗ ಧೂಳಪ್ಪ ಎರಡು ಸಲ ಎಣಿಕೆ ತಪ್ಪಿದ. ಜಾಲಿಯ ಮುಳ್ಳು ಮೊಣಕೈಗೆ ಗೀರಿತು.

ಶೆಟ್ಟೆವ್ವ ಎಲ್ಲ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮತ್ತ ಏನ ಅಂತಿ?"

"ಹೇಳೂದ. ಇನ್ನೇನ ಐತಿ? ಈ ವಯಸ್ಸಿನಾಗ ನಿನ್ನ ಕರಕೊಂಡು ಎಲ್ಲಿ ಬೀಳ್ಲಿ?"

"ನನ್ನ ನೆವಾ ಹೇಳಬ್ಯಾಡ." ಅವಳು ಹಿಟ್ಟಿನ ಮೇಲೆ ಫಟಾರನೆ ಕೈ ಬಡಿದಳು. "ನಾ ಬಾಗೇವಾಡಿ ಕಡೀಂದ ಈ ಗುಡಸಲಾ ನೋಡಿ ಬಂದಾಕಿ ಅಲ್ಲ. ಹ್ವಾದ ಮಳಿಗಾಲದಾಗ ಆ ನಾಗರ ನಿನ್ನ ಹಾಸಿಗಿ ಬುಡಕ ಬಂದಾಗ ಒದರಿದಾಂವ ಯಾರು? ಗೌಡ ಏನು?"

ಧೂಳಪ್ಪ ಮೊಣಕೈಯ ಗೀರು ಸವರಿಕೊಂಡ.

"ಹೇಳಾಂವಿದ್ರ ಹೇಳು. ಆದ್ರ ಜನ್ನತಬಿ ಅವ್ವನ ಮುಂದ ಆ ಮಾರಿ ಒಯ್ಯಬ್ಯಾಡ."

ಜನ್ನತಬಿ ಚಾಂದಸಾಬನ ತಾಯಿ. ಎಂಬತ್ತರ ಹತ್ತಿರದ ಮುದುಕಿ. ಧೂಳಪ್ಪನ ತಾಯಿ ಯಲ್ಲವ್ವನೂ ಅವಳೂ ಒಂದೇ ಕಣದಲ್ಲಿ ಜೋಳ ತೂರಿದವರು. ಸುಗ್ಗಿ ಮುಗಿಯುತ್ತ ಬಂದ ಬೇಸಿಗೆಯಲ್ಲಿ ಎರಡೂ ಮನೆಯ ಮಕ್ಕಳು ಕಣದ ಹೊಟ್ಟಿನ ಮೇಲೆ ಅಂಗಾತ ಬಿದ್ದಿರುತ್ತಿದ್ದರು. ಆಗ ಆ ಜೋಡಿ ಚಿಕ್ಕಿಯನ್ನು ತೋರಿಸಿಕೊಟ್ಟವರು ಆ ಇಬ್ಬರು ಹೆಂಗಸರೇ.

"ಅದು ಸುಹಾ," ಎನ್ನುತ್ತಿದ್ದಳು ಜನ್ನತಬಿ. "ನಮ್ಮ ಮುತ್ಯಾ ಹೇಳಾಂವ. ಹಿಂದಕ ಫೌಜಿಗೆ ಸಿಪಾಯಿ ತಗೊಳ್ಳಾಗ ಸುಹಾ ಕಂಡಾವ್ನಿಗೆ ಬಿಲ್ಲು ಕೊಡತಿದ್ರಂತ. ಮಂದಿ ಕಣ್ಣಿಗೆ ಬೀಳದ ಚಿಕ್ಕಿ. ಮರತ ಬಿಟ್ಟ ಚಿಕ್ಕಿ."

"ಯಾವ ಸುಹಾ ಯಕ್ಕಾ?" ಯಲ್ಲವ್ವ ನಗುತ್ತಿದ್ದಳು. "ಅದು ತಾಯಿ-ಕೂಸು. ಹೊತ್ತು ಮುಳಗಿದಾಗ ನೋಡ್ರೋ, ಕೂಸು ಅವ್ವನ ಕಾಲಬುಡಕ ಆಡಕೊಂತ ಇರತೈತಿ. ರಾತ್ರಿ ತಿರಗತ ತಿರಗತ ನಸಕ ಹರಿಯೂದ್ರಾಗ ಅವ್ವನ ತಲಿ ಮ್ಯಾಲ ಏರಿ ಕುಂತಿರತೈತಿ. ಬುಟ್ಟ್ಯಾಗ ಹೊತಗೊಂಡು ಕೆಲಸಕ್ಕ ನಡದಾಳ ಅವ್ವ."

ಸುಹಾ ಎಂದು ಚಾಂದ್ಯಾ, ತಾಯಿ-ಕೂಸು ಎಂದು ಧೂಳ್ಯಾ, ಇಬ್ಬರೂ ಹೊಟ್ಟಿನಲ್ಲಿ ಉರುಳಾಡಿ ಗುದ್ದಾಡಿದ್ದುಂಟು. ಹೆಸರಿಗೆ ಜಗಳ, ಹೊತ್ತಿಗೆ ಜಗಳವಿಲ್ಲ. ಏಕೆಂದರೆ ಸುಗ್ಗಿಯ ಹೊಲದಲ್ಲಿ ಅದೇ ಗಡಿಯಾರ. ಕೂಸು ಕಾಲಬುಡದಲ್ಲಿದ್ದರೆ ಇನ್ನೂ ಸಂಜೆ, ಊಟ ಮಾಡಬಹುದು. ಕೂಸು ತಲೆಯ ಮೇಲೇರಿತೆಂದರೆ ನಸುಕು, ಏಳಬೇಕು, ತೆನೆ ತುಳಿಸಲು ಎತ್ತುಗಳ ಹಂತಿ ಹೂಡಬೇಕು. ರಟ್ಟೆ ಮುರಿಯುವವರ ಮನೆಯ ಹಾಲುಗೂಸಿಗೂ ಇದು ಗೊತ್ತು.

ಫೌಜದಾರ ಬಂದಾಗ ಹೊತ್ತು ಮುಳುಗಿ ಕತ್ತಲಾಗುತ್ತಿತ್ತು. ಮುದ್ದೇಬಿಹಾಳ ಪೇಟೆಯಲ್ಲಿ ಬೆಳೆದವನು, ಈ ಕಡೆ ವರ್ಗವಾಗಿ ಬಂದು ಮೂರು ತಿಂಗಳು. ರಾತ್ರಿ ಗೌಡನಲ್ಲಿ ಹೋಳಿಗೆ ಊಟ, ಅಲ್ಲೇ ವಸ್ತಿ, ನಸುಕಿಗೆದ್ದು ಬಿಸಿಲೇರುವ ಮುಂಚೆ ಆರೋಪಿಯನ್ನು ಜೀಪಿಗೆ ಹಾಕಿಕೊಂಡು ಹೊರಡುವುದು ಎಂದು ಮೊದಲೇ ಗೊತ್ತಾಗಿತ್ತು. ಹೇಳಿಕೆ ಬರೆದುಕೊಳ್ಳುವುದು ಊಟದ ಮುಂಚಿನ ಚಿಕ್ಕದೊಂದು ಕೆಲಸ.

ಚಾವಡಿಯ ಮುಂದೆ ಇಡೀ ಊರು ನೆರೆದಿತ್ತು, ಆದರೆ ಸಪ್ಪಳವಿಲ್ಲ. ಜನ ಉಸಿರಾಡುವುದಷ್ಟೇ ಧೂಳಪ್ಪನಿಗೆ ಕೇಳುತ್ತಿತ್ತು. ಆ ಉಸಿರುಗಳ ನಡುವೆ ಒಬ್ಬ ಮುದುಕಿಯ ಬಿಕ್ಕು. ಚಾಂದಸಾಬನ ಕೈಗಳನ್ನು ಎತ್ತಿನ ಮಿಣಿಯಿಂದ ಚಾವಡಿಯ ಕಂಬಕ್ಕೆ ಕಟ್ಟಿದ್ದಾರೆ ಎಂದು ಶೆಟ್ಟೆವ್ವ ಕಿವಿಯಲ್ಲಿ ಹೇಳಿದಳು.

"ಕಾವಲುಗಾರ ಯಾರು? ಮ್ಯಾಲ ಬಾ."

ಧೂಳಪ್ಪ ಮುಂದೆ ಹೆಜ್ಜೆಯಿಟ್ಟ. ಚಾವಡಿಯನ್ನು ಅವನು ಎಣಿಸಿರಲಿಲ್ಲ. ಬಡವನಿಗೆ ಚಾವಡಿಯ ಮೇಲೆ ಏನು ಕೆಲಸ? ಕೋಲು ಗಾಳಿಯಲ್ಲಿ ತಡವರಿಸಿತು. ಆಗ ಕಂಬದ ಕಡೆಯಿಂದ ತೀರ ಮೆಲ್ಲಗೆ, ತುಟಿ ಅಲುಗಿತೋ ಇಲ್ಲವೋ ಎಂಬಂತೆ, ಪರಿಚಿತ ದನಿಯೊಂದು ಬಂತು:

"ಧೂಳ್ಯಾ, ಮೆಟ್ಲ ಐತಿ. ಮೂರು. ಎಡಕ್ಕ ತಗ್ಗು."

ಧೂಳಪ್ಪ ಮೂರು ಮೆಟ್ಟಿಲು ಹತ್ತಿದ. ಎಡಕ್ಕೆ ಹೋಗಲಿಲ್ಲ. ಕೈ ಕಟ್ಟಿಸಿಕೊಂಡು ನಿಂತವನು, ಇನ್ನೊಂದು ಗಳಿಗೆಗೆ ತನ್ನ ಮೇಲೆಯೇ ಸುಳ್ಳು ಹೇಳಲಿರುವವನು ಎಡವದಂತೆ ನೋಡಿಕೊಳ್ಳುತ್ತಿದ್ದ.

"ಏನ ನೋಡಿದಿ ಹೇಳು. ಲಗೂ."

"ಒಬ್ಬಾಂವ ಕೊಳ್ಳಿ ಹಿಡಕೊಂಡು ಬಣವಿ ಕಡಿಂದ ಓಡಿದ್ರಿ ಸಾಹೇಬ್ರ. ಹಳ್ಳ ದಾಟಿ."

"ಯಾರು?"

ಧೂಳಪ್ಪ ನಾಲಿಗೆ ಹೊರಳಿಸಿದ. "ಇಂವ... ಚಾಂದ್ಯಾ ರಿ."

ಜನ್ನತಬಿಯ ಬಿಕ್ಕು ನಿಂತೇ ಹೋಯಿತು. ಅದು ಅಳುವುದಕ್ಕಿಂತ ಕೆಟ್ಟದಾಗಿ ಕೇಳಿಸಿತು. ಶೆಟ್ಟೆವ್ವ ನಿಂತಲ್ಲಿಂದ ಎರಡು ಹೆಜ್ಜೆ ಹಿಂದೆ ಸರಿದಳು, ಅವಳ ಬಳೆಯ ದನಿ ದೂರವಾಯಿತು.

"ಎಷ್ಟ ಗಂಟೇಕ?"

"ಗಂಟಿ ಎಲ್ಲಿ ಬಲ್ಲೇನ್ರಿ ನಾ? ನಾವು ಚಿಕ್ಕಿ ನೋಡಿ ಹೊತ್ತು ಹೇಳಾವ್ರು."

"ಯಾವ ಚಿಕ್ಕಿ?"

"ತಾಯಿ-ಕೂಸು ಅಂತೈತಿ ರಿ."

ಫೌಜದಾರ ನಕ್ಕ. ಗೌಡ ತನ್ನ ವಿದ್ಯೆ ಮೆರೆಯಲು ಜಾಗ ಸಿಕ್ಕಿತೆಂದು ಮುಂದಾದ. "ನಮ್ಮ ವಸಿಷ್ಠ-ಅರುಂಧತಿ ರಿ ಸಾಹೇಬ್ರ. ಮದುವ್ಯಾಗ ಆಚಾರ್ಯಾರು ಹೊಸ ಮದುಮಗಳಿಗೆ ತೋರಸ್ತಾರಲ್ಲ, ಅದ. ಈ ಮಂದಿ ಬಾಯಾಗ ಏನೇನೋ ಆಗತೈತಿ."

"ಹೂಂ. ಆಗ ಅದು ಎಲ್ಲಿತ್ತು? ಬರಕೊಳ್ರಿ ಹವಾಲ್ದಾರ."

ಧೂಳಪ್ಪನಿಗೆ ಉತ್ತರ ಗೊತ್ತಿತ್ತು. ಕಣ್ಣು ಹೋಗಿದ್ದರೂ ಆಕಾಶ ಹೋಗಿರಲಿಲ್ಲ, ಚಿಕ್ಕಂದಿನಿಂದ ನೋಡಿದ್ದು ತಲೆಯೊಳಗೆ ಹಾಗೇ ತಿರುಗುತ್ತಿತ್ತು. ಬಣವೆಗೆ ಬೆಂಕಿ ಬಿದ್ದ ನಸುಕಿನಲ್ಲಿ ಕೂಸು ಪಡುವಣ ಬಡಗಲ್ಲಿ ಅವ್ವನ ತಲೆಯ ಮೇಲಿತ್ತು. ಹಾಗೆಂದರೆ ಮುಗಿಯಿತು. ಹೇಳಿಕೆ ಗಟ್ಟಿಯಾಗುತ್ತದೆ, ಗುಡಿಸಲು ಉಳಿಯುತ್ತದೆ, ರೊಟ್ಟಿ ಉಳಿಯುತ್ತದೆ. ಮುಂದಿನ ಯುಗಾದಿಗೆ ಗೌಡ ಇನ್ನೊಂದು ಗೋಡೆಗೆ ಕೋಲು ತೋರಿಸುತ್ತಾನೆ.

ಮೆಟ್ಲ ಐತಿ. ಮೂರು.

"ಕೂಸು ಅವ್ವನ ಕಾಲಬುಡಕ ಇತ್ರಿ ಸಾಹೇಬ್ರ," ಎಂದ ಧೂಳಪ್ಪ, ಇಡೀ ಚಾವಡಿಗೆ ಕೇಳುವಂತೆ. "ಬರೋಬ್ಬರಿ ಕಾಲಬುಡಕ."

ನೆರೆದ ಜನರ ಉಸಿರು ಒಮ್ಮೆಲೇ ನಿಂತಿತು. ಎಲ್ಲೋ ಒಬ್ಬ ಕೆಮ್ಮಲು ಹೋಗಿ ನುಂಗಿಕೊಂಡ. ಕುರಿ ಕಾಯುವವರು, ನೀರು ಹಾಯಿಸುವವರು, ನಸುಕಿಗೆದ್ದು ಬೀಸುವ ಹೆಂಗಸರು, ಅವರಲ್ಲಿ ಆ ಮಾತಿನ ಅರ್ಥ ಗೊತ್ತಾಗದವರು ಒಬ್ಬರೂ ಇರಲಿಲ್ಲ. ನಸುಕಿನ ಬೆಂಕಿಗೆ ಕಾವಲುಗಾರ ಸಂಜೆಯ ಚಿಕ್ಕಿ ಹೇಳಿದ್ದ.

ಗೌಡನಿಗೆ ಮಾತ್ರ ಅದು ಮರ್ಯಾದೆಯ ಮೌನವಾಗಿ ಕೇಳಿಸಿತು. ಬಿಸಿಲು ಮಾಳಿಗೆಗೆ ಬಂದ ಮೇಲೆ ಏಳುವ ಮನುಷ್ಯ. ಆ ಚಿಕ್ಕಿಯನ್ನು ಅವನು ನೋಡಿದ್ದು ಯುಗಾದಿಯ ಸಂಜೆಗಳಲ್ಲಿ, ಸಂಜೆಯ ಮದುವೆಗಳಲ್ಲಿ. ಸಣ್ಣದು ದೊಡ್ಡದರ ಕಾಲಬುಡದಲ್ಲಿರುತ್ತದೆ, ಅಲ್ಲೇ ಇರಬೇಕು, ಬೇರೆಲ್ಲಿಗೆ ಹೋದೀತು?

"ಕೂಲಿ ಮಾಡಾವ್ನ ಒಂದ ಸಾಕ್ಷಿ ಕೋರ್ಟಿನ್ಯಾಗ ನಿಲ್ಲೂದಿಲ್ಲರಿ ಗೌಡ್ರ," ಎಂದ ಫೌಜದಾರ. "ಮತ್ಯಾರರೆ ನೋಡ್ಯಾರೇನು?"

"ನಾ ನೋಡೇನಲ್ಲ!" ಗೌಡ ಎದೆ ತಟ್ಟಿಕೊಂಡ. "ಬೊಬ್ಬಿ ಕೇಳಿ ಮಾಳಿಗಿಗೆ ಬಂದ್ನಿ. ಈ ಚಾಂದ್ಯಾ ಓಡೂದು ಕಂಡ್ನಿ. ಅರುಂಧತಿ ವಸಿಷ್ಠನ ಕಾಲಬುಡಕ ಇದ್ದಳು, ಧೂಳ್ಯಾ ಹೇಳಿದಂಗ. ಈಗೂ ಅಲ್ಲೇ ಅದಾಳ, ಅಕಾ, ನೀವ ನೋಡ್ರಿ."

ಕುರ್ಚಿ ಸರಿದ ಸಪ್ಪಳವಾಯಿತು. ಫೌಜದಾರ ಕಟ್ಟೆಯಂಚಿಗೆ ಬಂದು ಕತ್ತೆತ್ತಿರಬೇಕು. "ಹೌದ್ರಿ. ಸಣ್ಣದು ತಳಗೈತಿ."

ಆಗ ಜನ್ನತಬಿ ಎದ್ದು ನಿಂತಳು. ಅವಳ ದನಿಯಲ್ಲಿ ಅಳು ಒಣಗಿ ಹೋಗಿತ್ತು.

"ಬರಕೋರಿ ಸಾಹೇಬ್ರ. ಇಬ್ಬರದೂ ಬರಕೋರಿ. ಚಿಕ್ಕಿ ಎಲ್ಲಿತ್ತು ಅನ್ನೂದು ಬಿಡಬ್ಯಾಡ್ರಿ. ಧೂಳ್ಯಾ ಹೆಬ್ಬಟ್ಟು ಒತ್ಲಿ, ಗೌಡ್ರು ಸಹಿ ಮಾಡ್ಲಿ."

"ಮುದಿಕೀಗೆ ಬುದ್ಧಿ ಬಂತು," ಎಂದು ಅಮೋಘಸಿದ್ಧ ನಕ್ಕ. ಯಾರೂ ಕೂಡಿ ನಗಲಿಲ್ಲ.

ಹವಾಲ್ದಾರ ಬರೆದ, ಗಟ್ಟಿಯಾಗಿ ಓದಿದ: ಬೆಳಗಿನ ಐದರ ಸುಮಾರಿಗೆ, ಸಣ್ಣ ನಕ್ಷತ್ರವು ದೊಡ್ಡ ನಕ್ಷತ್ರದ ಕೆಳಗೆ ಇರುವಾಗ. ಧೂಳಪ್ಪನ ಹೆಬ್ಬೆರಳಿಗೆ ಶಾಯಿ ತಣ್ಣಗೆ ತಾಗಿತು. ಗೌಡನ ಪೆನ್ನು ಕಾಗದದ ಮೇಲೆ ದೊಡ್ಡದಾಗಿ ಓಡಿತು.

ನಸುಕಿನಲ್ಲಿ ಧೂಳಪ್ಪ ಚಾವಡಿಗೆ ಬಂದಾಗ ಊರೇ ಅಲ್ಲಿತ್ತು. ಯಾರೂ ಯಾರನ್ನೂ ಕರೆದಿರಲಿಲ್ಲ. ಕುರುಬರು ಕಂಬಳಿ ಹೊದ್ದು ಬಂದಿದ್ದರು, ಹೆಂಗಸರು ಕೊಡ ಕಂಕುಳಲ್ಲಿಟ್ಟುಕೊಂಡೇ ನಿಂತಿದ್ದರು. ಹಿಂದಿನ ದಿನ ಬಣವೆ ಉರಿದದ್ದು ಇದೇ ಹೊತ್ತಿಗೆ. ಶೆಟ್ಟೆವ್ವ ಗಂಡನ ಪಕ್ಕಕ್ಕೆ ಬಂದು ಸುಮ್ಮನೆ ಅವನ ಕೋಲಿನ ತುದಿ ಹಿಡಿದಳು.

ಜೀಪು ಗುರುಗುಟ್ಟಿತು. ಫೌಜದಾರನ ಬೂಟು, ಅದರ ಹಿಂದೆ ನಿದ್ದೆಗೆಟ್ಟ ಗೌಡನ ಆಕಳಿಕೆ, ಅದರ ಹಿಂದೆ ಕಿರ್ರ್ ಕಿರ್ರ್.

"ಇದೇನ್ರಿ ಜಾತ್ರಿ ಕೂಡಿಸಿದಂಗ? ಸರೀರಿ! ಅವನ ಬಿಚ್ಚಿ ಜೀಪಿನ್ಯಾಗ ಹಾಕ್ರಿ."

"ಹಾಕೋರಿ ಸಾಹೇಬ್ರ," ಎಂದಳು ಜನ್ನತಬಿ. "ಅದಕಿನ ಮೊದಲ ಒಂದೀಟು ಮ್ಯಾಲ ನೋಡ್ರಿ. ಬಡಗ ಪಡುವಣಕ. ನಿನ್ನಿ ಸಂಜೀಕ ನೋಡಿದ ಚಿಕ್ಕಿ ಈಗ ಅಲ್ಲಿಗೆ ಇಳದೈತಿ."

"ಏನವಾ ನಿಂದು? ಮಗನ್ನ ಬಿಡಿಸಾಕ ಶಾಸ್ತ್ರಾ ಹೇಳ್ತಿಯೇನು?"

"ಶಾಸ್ತ್ರಾ ಅಲ್ಲರಿ, ನೋಡೂದು. ಸಣ್ಣದು ಎಲ್ಲೈತಿ?"

ಜೀಪಿನ ಇಂಜಿನ್ನು ಗುರುಗುಟ್ಟುತ್ತಲೇ ಇತ್ತು. ಫೌಜದಾರ ಅದನ್ನು ಬಂದ್ ಮಾಡಲು ಹೇಳಿದ. ಧೂಳಪ್ಪ ಮೌನಕ್ಕೆ ಕಿವಿಗೊಟ್ಟ. ಬೂಟು ಒಂದು ಹೆಜ್ಜೆ ಮುಂದೆ ಬಂತು. ನಿಂತಿತು.

"ಮ್ಯಾಲೈತಿ," ಎಂದ ಫೌಜದಾರ. ದನಿ ಬದಲಾಗಿತ್ತು. "ತಳಗಿದ್ದದ್ದು ಮ್ಯಾಲೈತಿ."

"ದಿನಾ ಹಿಂಗ ರಿ," ಗುಂಪಿನಿಂದ ಒಬ್ಬ ಕುರುಬ ಕೂಗಿದ. "ಈ ದಿನದಾಗ ಸಂಜೀಕ ಕಾಲಾಗ, ನಸಕಿಗೆ ತಲಿ ಮ್ಯಾಲ. ನಮ್ಮ ಹುಡುಗೂರನ್ನ ಕೇಳ್ರಿ, ಹೇಳ್ತಾವ."

"ಮೊನ್ನಿ ಹೊತ್ತು ಮುಳಗಿದಾಗ ಚಾಂದಸಾಬ ನಮ್ಮ ಜೋಡಿ ಮಸೂತಿ ಕಟ್ಟಿ ಮ್ಯಾಲಿದ್ದ. ಬಣವಿಗೆ ಆಗಲೇ ಬೆಂಕಿ ಬಿದ್ದಿತ್ತೇನು?" ಎಂದ ಇನ್ನೊಬ್ಬ. ಯಾರೋ ಕಿಸಕ್ಕೆಂದರು.

ಫೌಜದಾರ ಕಿಸೆಯಿಂದ ಕಾಗದ ತೆಗೆದ. "ಗೌಡ್ರ, ನೀವು ಕಣ್ಣಾರೆ ನೋಡೇನಿ ಅಂದ್ರಿ. ಬೆಳಗಿನ ಐದಕ್ಕ ತಳಗಿತ್ತು ಅಂತ ಸಹಿ ಮಾಡೀರಿ."

"ನಾ... ಧೂಳ್ಯಾ ಅಂದಾ ಅಂತ ಅಂದ್ನಿ. ಆ ಕುರುಡ ಏನರೆ ಒದರ್ತಾನ!" ಗೌಡನ ಬಾಯಿಂದ ಅದು ಜಾರಿಬಿತ್ತು.

"ಕುರುಡ?"

ಆಗ ಧೂಳಪ್ಪ ಶೆಟ್ಟೆವ್ವನ ಕೈಯಿಂದ ಕೋಲು ಬಿಡಿಸಿಕೊಂಡು ಮುಂದೆ ಬಂದ. ಮೂರು ಮೆಟ್ಟಿಲು, ಈಗ ಎಣಿಕೆ ಗೊತ್ತಿತ್ತು.

"ಹೌದ್ರಿ ಸಾಹೇಬ್ರ. ಐದ ವರ್ಷಾತು, ರಾತ್ರಿ ನನಗ ಏನೂ ಕಾಣ್ಸೂದಿಲ್ಲ. ಗೌಡ್ರಿಗೆ ಗೊತ್ತೈತಿ. ಗೊತ್ತಿದ್ದ ಇಟಗೊಂಡಾರ. ಚಾಂದ್ಯಾನ್ನ ನಾ ನೋಡಿಲ್ಲ, ಯಾರನ್ನೂ ನೋಡಿಲ್ಲ. ನಿನ್ನಿ ಹೇಳಿದ್ದು ಸುಳ್ಳ. ಆ ಸುಳ್ಳಿಗೆ ಏನ ಶಿಕ್ಷಾ ಐತಿ ಕೊಡ್ರಿ."

"ಮತ್ತ ಬೆಂಕಿ ಹಚ್ಚಿದಾವ್ರು ಯಾರು?"

"ನೋಡಿಲ್ರಿ. ಕೇಳೇನಿ." ಧೂಳಪ್ಪ ತಲೆ ಓರೆ ಮಾಡಿದ. "ಚಿಮಣಿ ಎಣ್ಣಿ ನಾತ ಬಂತು. ಆಮ್ಯಾಲ ಹೊಸಾ ಕೆರುವಿನ ಸಪ್ಪಳ. ಕಿರ್ರ್ ಕಿರ್ರ್ ಅನ್ನೂದು. ಚಾಂದ್ಯಾ ಹುಟ್ಟಿದಾಗಿಂದ ಕಾಲಿಗೆ ಏನೂ ಹಾಕಿಲ್ರಿ."

ಯಾರೂ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಮೋಘಸಿದ್ಧ ಹಿಂದೆ ಸರಿಯಬೇಕೆಂದು ಕಾಲೆತ್ತಿದ. ಕಿರ್ರ್ ಎಂದಿತು. ಆ ನಿಶ್ಶಬ್ದದಲ್ಲಿ ಅದು ಕೋಳಿ ಕೂಗಿದಷ್ಟು ದೊಡ್ಡದಾಗಿ ಕೇಳಿಸಿತು. ಎತ್ತಿದ ಕಾಲನ್ನು ಇಳಿಸಲು ಅವನಿಗೆ ಧೈರ್ಯವಾಗಲಿಲ್ಲವೆಂದು ಆಮೇಲೆ ಶೆಟ್ಟೆವ್ವ ಗಂಡನಿಗೆ ಹೇಳಿದಳು, ಕೊಕ್ಕರೆಯಂತೆ ನಿಂತಿದ್ದನಂತೆ.

ಫೌಜದಾರ ಒಳ್ಳೆಯವನೇನೂ ಆಗಲಿಲ್ಲ. ಒಂದು ರಾತ್ರಿಯ ಹೋಳಿಗೆ ಒಂದು ನಸುಕಿನಲ್ಲಿ ಕರಗುವುದಿಲ್ಲ. ಅವನು ಲೆಕ್ಕ ಹಾಕಿದ. ಈ ಕಾಗದ ಹಿಡಿದು ಕೋರ್ಟಿಗೆ ಹೋದರೆ ನಗೆಗೀಡಾಗುವುದು ತಾನು. ಹೋಗದಿದ್ದರೆ, ಗೌಡನ ಸಹಿ ತನ್ನ ಕಿಸೆಯಲ್ಲಿ. ಕಾಗದವನ್ನು ನಾಲ್ಕು ಮಡಿಕೆ ಮಾಡಿದ.

"ಇದು ನನ್ನ ಕಡೆ ಇರ್ಲಿ ಗೌಡ್ರ. ಮತ್ತ ಮಾತಾಡೂಣ," ಎಂದ. ಹವಾಲ್ದಾರನ ಕಡೆ ತಿರುಗಿ, "ಅವನ ಬಿಚ್ಚು," ಎಂದ. ಜೀಪು ಧೂಳೆಬ್ಬಿಸಿ ಹೋಯಿತು, ಯಾರನ್ನೂ ಹಾಕಿಕೊಳ್ಳದೆ.

ಗೌಡ ಧೂಳಪ್ಪನ ಹತ್ತಿರ ಬಂದು ನಿಂತ. ಎಲೆಯಡಿಕೆಯ ವಾಸನೆ ಮುಖಕ್ಕೆ ಬಡಿಯಿತು. "ಹೊತ್ತು ಏರೂದ್ರಾಗ ಗುಡಸಲಾ ಖಾಲಿ ಆಗಬೇಕು. ಕಂಬಳಿ, ಕಂದೀಲು ವಾಡೇದ್ದು. ಇಟ್ಟು ನಡಿ."

ಧೂಳಪ್ಪ ಕಂಬಳಿಯನ್ನು ಹೆಗಲಿಂದ ತೆಗೆದು ಚಾವಡಿಯ ಕಟ್ಟೆಯ ಮೇಲಿಟ್ಟ. "ಕಂದೀಲು ಗುಡಸಲದಾಗ ಐತ್ರಿ. ಐದ ವರ್ಷಾತು, ಅದನ್ನ ಹಚ್ಚೇ ಇಲ್ಲ. ಹೊಸಾದ ಐತಿ," ಎಂದ. ಈ ಸಲ ಜನ ನಕ್ಕರು. ಗೌಡನ ಹೆಜ್ಜೆಗಳು ವಾಡೆಯ ಕಡೆ ಹೋದವು, ಎಂದಿಗಿಂತ ಬೇಗ.

ಮಿಣಿ ಕಟ್ಟಿದ ಮಣಿಕಟ್ಟು ಉಜ್ಜಿಕೊಳ್ಳುತ್ತ ಚಾಂದಸಾಬ ಬಂದ.

"ನಿನ್ನ ಹೆಸರ ಹೇಳಿಬಿಟ್ನೆಲೋ ಚಾಂದ್ಯಾ," ಎಂದ ಧೂಳಪ್ಪ. "ಬಾಯಾಗಿಂದ ಬಂದೇ ಬಿಡ್ತು."

"ಬಂತು ಬಿಡು. ಹಿಂದನ ಕೂಸೂ ಬಂತಲ್ಲ."

"ಕೂಸಲ್ಲೋ, ನೀ ಸುಹಾ ಅನ್ನಾಂವ ಅಲ್ಲೇನು?"

"ಇವತ್ತೊಂದ ದಿನ ಕೂಸು ಅನ್ಲಿ," ಎಂದಳು ಜನ್ನತಬಿ. "ಧೂಳ್ಯಾ, ಎಲ್ಲಿ ಹೋಗ್ತೀರಿ ಈಗ?"

"ಗೊತ್ತಿಲ್ಲ ಅವ್ವಾ. ಸೋಮವಾರ ಮಟ ಎಲ್ಲರೆ ಬಿದ್ದಿರ್ತೇನಿ. ಸೋಮವಾರ ಇಂಡಿಗೆ ಬರ್ತೇನಿ. ಚಾಂದ್ಯಾಗ ಸಾಕ್ಷಿ ಬೇಕಲ್ಲ, ಆ ಹೊಲಾ ಉಳದಾಂವ ಯಾರು ಅಂತ."

"ಕಾಣದಾವ್ನ ಸಾಕ್ಷಿ ತಗೋತಾರೇನೋ?" ಚಾಂದಸಾಬ ಕೇಳಿದ. ಹಾಸ್ಯ ಮಾಡಲು ಹೋಗಿದ್ದ, ಆಗಲಿಲ್ಲ. ಸೋಮವಾರ ಏನಾಗುತ್ತದೋ ಅವನಿಗೂ ಗೊತ್ತಿರಲಿಲ್ಲ. ಅಲ್ಲಿಯೂ ಕುರ್ಚಿಗಳಿದ್ದವು, ಕುರ್ಚಿಗಳಿಗೂ ಹೋಳಿಗೆಯ ರುಚಿ ಗೊತ್ತಿತ್ತು.

"ಐದ ವರ್ಷ ಪ್ರತಿ ರಾತ್ರಿ ಆ ಹೊಲದಾಗಿಂದ ಯಾರ ದನಿ ಬಂತು ಅಂತ ಹೇಳ್ತೇನಿ. ಹದಿನೈದ ವರ್ಷ ಯಾರು ಕುಂಟಿ ಹೊಡದ್ರು ಅಂತ ಹೇಳ್ತೇನಿ. ಅದು ಕಣ್ಣಿದ್ದಾಗ ನೋಡೇನಿ. ಇಷ್ಟ ಸಾಲದೇನು?"

ಶೆಟ್ಟೆವ್ವ ಆಗಲೇ ಗುಡಿಸಲಿನ ದಾರಿ ಹಿಡಿದಿದ್ದಳು, ಗಡಿಗೆ ಮಡಕೆ ಹೊರಬೇಕಿತ್ತು. ಮೂಡಲಲ್ಲಿ ಹಾಲು ಕದಡಿದಂಥ ಬೆಳಕು ಧೂಳಪ್ಪನ ಕಣ್ಣಿಗೆ ತಾಗತೊಡಗಿತು. ಇನ್ನೊಂದು ಗಳಿಗೆಗೆ ಚಿಕ್ಕಿಗಳು ಮಾಯವಾಗುತ್ತವೆ ಎಂದು ಅವನಿಗೆ ಗೊತ್ತು. ಬಡಗು ಪಡುವಣಕ್ಕೆ ಮುಖವೆತ್ತಿ ನಿಂತ.

"ಇನ್ನಾ ಐತೇನೋ?"

ಚಾಂದಸಾಬ ನೋಡಿದ. "ಐತಿ."

"ಎಲ್ಲಿ?"

"ತಲಿ ಮ್ಯಾಲ. ನಡಿ ಈಗ. ಮೆಟ್ಲ ಮೂರು, ಎಡಕ್ಕ ತಗ್ಗು ಐತಿ."